ಸಾವ್ಕಾರ್ರ ಹಾರುವ ಕಾರು

ಚಳಿಗಾಲವಿಡೀ ಶೆಡ್ಡಿನಲ್ಲಿ ನಿಲ್ಲಿಸಿದ್ದ ಡೀಸೆಲ್ ಕಾರನ್ನು ಕಮಲಾಪುರದ ಶರಣಪ್ಪ ಸಾವ್ಕಾರ್ರು ಸ್ಟೇಶನ್ ಬಜಾರದ ನನ್ನ ಗ್ಯಾರೇಜಿಗೆ ತಂದರು.

"ಗಾಡಿ ಹಾರಾಕತ್ತದರೀ. ಆಮ್ಯಾಲ ಧಪ್ ಅಂತ ದಮ್ಮು ಕಳ್ಕೋತದ."

ದೂರು ಹೇಳುವಾಗಲೂ ಅವರ ಮುಖದಲ್ಲಿ ಹೆಮ್ಮೆಯೇ ಇತ್ತು.

ಓಡಿಸಿ ನೋಡಲು ಇಬ್ಬರೂ ಕಮಲಾಪುರದ ದಾರಿ ಹಿಡಿದೆವು. ಕಾರಿನ ತುಂಬ ಕೆಂಪು ಬಾಳೆಹಣ್ಣಿನ ಸಿಹಿ ವಾಸನೆ. ನಾನು ಆಕ್ಸಿಲರೇಟರ್ ಒತ್ತಿದ್ದೇ ತಡ, ಯಾರೋ ಬೆನ್ನಿಗೆ ಕೈಯಿಟ್ಟು ಮೇಲಕ್ಕೆತ್ತಿದಂತಾಯಿತು. ತೊಗರಿ ಹೊಲಗಳು ನೀರಾಗಿ ಹರಿದುಹೋದವು. ಮರುಕ್ಷಣ ಧಪ್ ಎಂದು ದಮ್ಮು ಇಳಿಯಿತು. ಇಂಜಿನ್ನಿಗೆ ಗಾಳಿ ಒತ್ತುವ ಟರ್ಬೊ ಮಿತಿ ಮೀರಿ ತುಂಬುತ್ತಿತ್ತು, ಇಂಜಿನ್ ತನ್ನ ಜೀವ ಉಳಿಸಿಕೊಳ್ಳಲು ದಮ್ಮು ಬಿಡುತ್ತಿತ್ತು. ಹೀಗೇ ಬಿಟ್ಟರೆ ಇಂಜಿನ್ ಸಿಡಿಯುವುದು ಖಂಡಿತ.

ಗ್ಯಾರೇಜಿಗೆ ಮರಳಿ ಬಾನೆಟ್ ಎತ್ತಿದೆ. ಟರ್ಬೊ ಗಾಳಿಗೆ ಲಗಾಮು ಹಾಕುವ ವಾಲ್ವಿನ ಸಣ್ಣ ರಬ್ಬರ್ ಪೈಪನ್ನು ಇಲಿ ಕಡಿದಿತ್ತು.

"ಕಾರಿನಾಗ ಬಾಳಿಗೊನಿ ಇಟ್ಟಿದ್ರೇನ್ರೀ?"

"ಹೌದ್ರೀ, ಹುಲ್ಲು ಮುಚ್ಚಿ ಇಟ್ಟಿದ್ದೆ. ಬಂದ್ ಕಾರಿನಾಗ ಭಾಳ ಚಂದ ಹಣ್ಣಾಗ್ತಾವ."

ಹೊಸ ಪೈಪ್ ಹಾಕಿದೆ. ಸಾವ್ಕಾರ್ರು ಒಂದು ಸುತ್ತು ಹೋಗಿ ಬಂದರು. ಮುಖ ಸಪ್ಪಗಾಗಿತ್ತು.

"ಆ ಹಳೇ ಪೈಪ್ ಕೊಡ್ರಿ."

ಅವರ ಕಣ್ಣೆದುರೇ ಅದನ್ನು ಕತ್ತರಿಸಿ ಬಿಸಾಕಿದೆ. ಹಾಗೇ ಬಿಟ್ಟಿದ್ದರೆ, ಸಂಜೆಯೊಳಗೆ ನಾನೇ ಅದನ್ನು ನನ್ನ ಕಾರಿಗೆ ಹಾಕಿಕೊಳ್ಳುತ್ತಿದ್ದೆ.