ಅಪ್ಪ ಕೆರೆದು ತೆಗೆದ ನವಿಲು

ಬಣ್ಣಕ್ಕೆ ಬೆರೆಸುವ ಥಿನ್ನರಿನ ವಾಸನೆ ಮೂಗಿಗೆ ಬಡಿದರೆ ಈಗಲೂ ದಾವಣಗೆರೆಯ ವಿನೋಬನಗರದ ನಮ್ಮ ಹಳೆಯ ಮನೆಯ ಪಡಸಾಲೆ ಕಣ್ಣೆದುರು ನಿಲ್ಲುತ್ತದೆ. ತೊಂಬತ್ತರ ದಶಕದ ಕೊನೆಯ ವರ್ಷಗಳು, ನನಗೆ ಹನ್ನೊಂದು. ಅಪ್ಪ ಲಾರಿಗಳಿಗೆ ಬಣ್ಣ ಹಚ್ಚಿ ಚಿತ್ರ ಬರೆಯುವವನು, ಅವನ ಉಗುರಿನ ಸಂದಿಯಲ್ಲಿ ಯಾವಾಗಲೂ ಹಸಿರೋ ಕೆಂಪೋ ಉಳಿದಿರುತ್ತಿತ್ತು. ಅಕ್ಕ ಸುಮಾ ಡಿಪ್ಲೊಮಾ ಮುಗಿಸಿ ಹರಿಹರದ ಕಾರ್ಖಾನೆಯೊಂದಕ್ಕೆ ತರಬೇತಿಗೆ ಹೋಗುತ್ತಿದ್ದಳು. ಅಲ್ಲಿ ನಿವೃತ್ತರಾದ ಅಧಿಕಾರಿಯೊಬ್ಬರು ತಮ್ಮ ಕೈ ನಡುಗುತ್ತದೆಂದು, ರಿಮೋಟಿನಿಂದ ಹಾರಿಸುವ ಮಾದರಿ ವಿಮಾನದ ಎಂಜಿನ್ನು, ರಿಮೋಟಿನ ರೇಡಿಯೊ, ನಕ್ಷೆ ಎಲ್ಲವನ್ನೂ ಅವಳಿಗೆ ಕೊಟ್ಟು, ಹಾರಿಸುವುದನ್ನೂ ಕಲಿಸಿದ್ದರು. ಆರು ತಿಂಗಳು ಅಕ್ಕ ಹತ್ತಿಯಂತೆ ಹಗುರವಾದ ಬಾಲ್ಸಾ ಮರವನ್ನು ಬ್ಲೇಡಿನಿಂದ ಕೊಯ್ದು, ಅಂಟಿಸಿ, ವಿಮಾನ ಕಟ್ಟಿದಳು. ಬಣ್ಣದ ಕೆಲಸವನ್ನು ಅಪ್ಪ ತಾನೇ ಕೇಳಿ ಪಡೆದ. ಲಾರಿಗೆ ಹಚ್ಚಿದಂತೆ ಮೂರು ಕೈ ಬಣ್ಣ ಹಚ್ಚಿ, ಬಾಲದ ಮೇಲೆ ಗರಿಗೆದರಿದ ನವಿಲು ಬರೆದು, ಅದರಡಿ ಸಣ್ಣಗೆ ತನ್ನ ಹೆಸರು ಹಾಕಿದ. ಬೀದಿಯವರೆಲ್ಲ ಬಂದು ನೋಡಿಹೋದರು.

ಒಂದು ಭಾನುವಾರ ಬೆಳಿಗ್ಗೆ ಅಕ್ಕ ಮತ್ತು ನಾನು ಅದನ್ನು ಹರಿಹರದ ಹೊಳೆದಂಡೆಯ ಬಯಲಿಗೆ ಒಯ್ದೆವು. ನೆಲ ಬಿಟ್ಟೇಳಲು ಅದು ಬಹಳ ದೂರ ಓಡಿತು. ಮೇಲೇರಿ, ತಲೆಕೆಳಗಾಗಿ, ಗಾಳಿಯಲ್ಲಿ ಚಕ್ರದಂತೆ ಪೂರ್ತಿ ಸುತ್ತು ಹಾಕಿ ಬರಬೇಕಿತ್ತು. ಸುತ್ತಿನ ನೆತ್ತಿಯಲ್ಲಿ ವೇಗ ಸತ್ತು, ಒಂದು ಗಳಿಗೆ ನಿಂತಂತಾಗಿ, ಕಲ್ಲಿನ ಹಾಗೆ ಬಿತ್ತು. ಒಂದು ರೆಕ್ಕೆ ಪುಡಿಯಾಯಿತು.

ಮನೆಗೆ ಬರುವ ದಾರಿಯಲ್ಲಿ ಅಕ್ಕ ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ಚೂರುಗಳನ್ನೂ ಸೇರಿಸಿ ತೂಗಿದಳು. ನಕ್ಷೆಯಲ್ಲಿದ್ದುದಕ್ಕಿಂತ ನಾನೂರು ಗ್ರಾಂ ಹೆಚ್ಚು. ಬಾಲ ಬಣ್ಣದಿಂದ ಭಾರವಾಗಿತ್ತು. ಅದನ್ನು ಸರಿದೂಗಿಸಲು ಅವಳು ಮೂತಿಗೆ ಸೀಸ ಇಟ್ಟಿದ್ದಳು. ಭಾರದ ಮೇಲೆ ಭಾರ. ತೂಕ ಹೆಚ್ಚಿದಷ್ಟೂ ತೇಲಲು ವೇಗ ಹೆಚ್ಚು ಬೇಕು, ಸುತ್ತಿನ ನೆತ್ತಿಯಲ್ಲಿ ಅದು ಸಿಗುವುದಿಲ್ಲ ಎಂದು ನನಗೆ ತಿಳಿಸಿ ಹೇಳಿದಳು. ಅಪ್ಪನಿಗೆ ಹೇಳಕೂಡದೆಂದು ಆಣೆಯನ್ನೂ ಹಾಕಿಸಿಕೊಂಡಳು.

ರಾತ್ರಿ ಊಟಕ್ಕೆ ಕೂತಾಗ ಯಾಕೆ ಬಿತ್ತೆಂದು ಅಪ್ಪ ಕೇಳಿದ. ಎಂಜಿನ್ನು ಹಳೆಯದು ಅಂದಳು ಅಕ್ಕ. ನನಗೆ ತಡೆಯಲಾಗಲಿಲ್ಲ.

"ಬಣ್ಣ ಭಾರ ಆಗೈತಪ್ಪ."

ಅಪ್ಪ ಅರ್ಧ ಊಟಕ್ಕೇ ಕೈ ತೊಳೆದ. ಅಕ್ಕ ನನ್ನನ್ನು ಮಾತಾಡಿಸಲಿಲ್ಲ.

ಬೆಳಿಗ್ಗೆ ಎದ್ದು ಬಂದರೆ ಅಪ್ಪ ಪಡಸಾಲೆಯಲ್ಲಿ ಬಣ್ಣ ಕೆರೆಯುವ ಎಮರಿ ಪೇಪರ್ ಹಿಡಿದು ಕೂತಿದ್ದ. ನವಿಲಿನ ಕತ್ತು ಆಗಲೇ ಇರಲಿಲ್ಲ. ಅಕ್ಕ ಪಕ್ಕದಲ್ಲಿ ಕುಕ್ಕರಿಸಿದಳು.

"ಹೆಸರಾದ್ರೂ ಇರ್ಲಿ ಬಿಡಪ್ಪ. ಅದೇನ್ ಮಹಾ ತೂಕ?"

"ನಿಂಗೆ ಸುತ್ತು ಹಾಕಿಸ್ಬೇಕೋ, ಬ್ಯಾಡೋ?" ಅಂದ ಅಪ್ಪ, ತಲೆ ಎತ್ತದೆ.

ಇಪ್ಪತ್ತು ದಿನ ಇಬ್ಬರೂ ದುಡಿದರು. ಅಪ್ಪ ಕೆಲಸ ಮುಗಿಸಿ ಬಂದು ಮರ ಕಾಣುವವರೆಗೆ ಉಜ್ಜುತ್ತಿದ್ದ. ಅಕ್ಕ ಹೊಸ ರೆಕ್ಕೆ ಕಟ್ಟಿ, ಮೂತಿಯ ಸೀಸ ಕಿತ್ತು, ಹಿಂದೆ ಮುಂದೆ ವಾಲುತ್ತದೆಯೇ ಎಂದು ಎರಡು ಬೆರಳ ಮೇಲೆ ವಿಮಾನವನ್ನು ತೂಗಿ ನೋಡುತ್ತಿದ್ದಳು. ನನ್ನ ಪಾಲಿಗೆ ಬಂದದ್ದು ಧೂಳು ಗುಡಿಸುವುದು. ಮತ್ತೆ ಬಯಲಿಗೆ ಹೋದಾಗ ಅಪ್ಪನೂ ಬಂದ. ಬರಿಮೈಯ ವಿಮಾನ ಸ್ವಲ್ಪವೇ ಓಡಿ ಎದ್ದಿತು. ಏರಿತು, ತಲೆಕೆಳಗಾಯಿತು, ನೆತ್ತಿಯಲ್ಲಿ ಅಳುಕದೆ ಜಾರಿ ಕೆಳಗಿಳಿದು ಸುತ್ತು ಮುಗಿಸಿತು. ಅಪ್ಪ ಚಪ್ಪಾಳೆ ಹೊಡೆಯಲಿಲ್ಲ. ಇನ್ನೊಂದು ಸಲ ಹಾಕು ಅಂದ. ಆಮೇಲೆ ಮತ್ತೊಂದು ಸಲ. ಇಂಧನ ಮುಗಿಯುವವರೆಗೂ ಅಕ್ಕ ಹಾಕಿದಳು.

ಆ ಮನೆ ಈಗ ಇಲ್ಲ, ಅಲ್ಲಿ ಸಾಲು ಮಳಿಗೆಗಳು ಎದ್ದಿವೆ. ಅಪ್ಪನೂ ಹೋದ, ಅವನ ಕೈಯ ಹೂಬಳ್ಳಿ ಹೊತ್ತ ಲಾರಿಗಳೂ ಗುಜರಿ ಸೇರಿದವು. ಎಂಜಿನ್ನು ನಿಂತ ಮೇಲೆ ಸದ್ದಿಲ್ಲದೆ ತೇಲಿ ಬಂದು ಹುಲ್ಲಿನ ಮೇಲೆ ಇಳಿದ ವಿಮಾನವನ್ನು ತರಲು ಅವನು ಪಂಚೆ ಎತ್ತಿ ಕಟ್ಟಿ ಓಡಿದ್ದು, ಎರಡೂ ಅಂಗೈ ಮೇಲಿಟ್ಟುಕೊಂಡು ಹೆಜ್ಜೆ ಎಣಿಸುತ್ತ ನಮ್ಮ ಕಡೆ ಬಂದದ್ದು ಮಾತ್ರ ನನ್ನಲ್ಲಿ ಉಳಿದಿದೆ.