ಗುಲಾಬಿ ಬೆಳೆಸುವ ಅಮ್ಮ

ನಮ್ಮಕ್ಕನನ್ನು ಆಸ್ಪತ್ರೆಯಲ್ಲಿ ಎಲ್ಲರೂ ಮಾತಿನಮಲ್ಲಿ ಎಂದೇ ಕರೆಯುತ್ತಾರೆ. ಬೆನ್ನ ಹಿಂದೆ ಅಲ್ಲ, ಎದುರಿಗೇ. ಅವಳಿಗೂ ಅದರಲ್ಲಿ ಬೇಜಾರಿಲ್ಲ. ಸುಟ್ಟಗಾಯದ ವಾರ್ಡಿನಲ್ಲಿ ನರ್ಸ್ ಕೆಲಸ ಮಾಡುತ್ತಲೇ ತಲೆಗೂದಲು ಬೆಳ್ಳಗಾದವಳು ಅವಳು. ಆ ವಾರ್ಡಿನಲ್ಲಿ ಪಟ್ಟಿ ಕಟ್ಟುವುದು ಹೆಚ್ಚಲ್ಲ, ಬಿಚ್ಚುವುದೇ ಕೆಲಸ. ಗಾಯಕ್ಕೆ ಅಂಟಿಕೊಂಡ ಬಟ್ಟೆಯನ್ನು ಉಪ್ಪುನೀರಿನಲ್ಲಿ ನೆನೆಸಿ, ಮೂಲೆ ಹಿಡಿದು, ಸ್ವಲ್ಪ ಸ್ವಲ್ಪವೇ ಬಿಡಿಸುತ್ತಾ ಬರಬೇಕು. ಔಷಧಿ ಕೊಟ್ಟಿದ್ದರೂ ರೋಗಿಗೆ ಜೀವ ಬಾಯಿಗೆ ಬಂದಿರುತ್ತದೆ. ಆಗ ಅಕ್ಕನ ಕೈ ಎಷ್ಟು ನಡೆಯುತ್ತದೋ ಬಾಯಿಯೂ ಅಷ್ಟೇ ನಡೆಯುತ್ತದೆ. ಕೇಳುತ್ತಾ ಕೇಳುತ್ತಾ ರೋಗಿ ಯಾವುದೋ ಒಂದು ಗಳಿಗೆಯಲ್ಲಿ ನೋವು ಮರೆತು "ಆಮೇಲೆ ಏನಾಯ್ತು?" ಎನ್ನುವ ಹೊತ್ತಿಗೆ ಅರ್ಧ ಪಟ್ಟಿ ಬಿಚ್ಚಿ ಆಗಿರುತ್ತದೆ.

ಅವಳು ಹೇಳುವುದೆಲ್ಲ ನಮ್ಮಮ್ಮನ ಕಥೆಗಳನ್ನೇ. ಅಮ್ಮ ಹೋಗಿ ವರ್ಷವಾಯಿತು. ಲಾಂಡ್ರಿಯಲ್ಲಿ ಇಸ್ತ್ರಿ ಹಾಕಿ ನಮ್ಮಿಬ್ಬರನ್ನು ಸಾಕಿದ ಹೆಂಗಸು, ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು. ಒಮ್ಮೆ ಮನೆ ಮಾಲೀಕ ಬಂದು ಈಗಿಂದೀಗಲೇ ಮನೆ ಖಾಲಿ ಮಾಡಿ ಎಂದು ಹಾರಾಡಿದ. ಬಚ್ಚಲಿನ ಗೋಡೆ ಹಾಳು ಮಾಡಿದ್ದೀರಿ ಎಂದು ಕೂಗುತ್ತಾ ಬಚ್ಚಲುಮನೆಯೊಳಗೆ ಹೊಕ್ಕ. ಅಮ್ಮ ಹೊರಗಿನಿಂದ ಚಿಲಕ ಹಾಕಿಕೊಂಡು ಕೆಲಸಕ್ಕೆ ಹೊರಟೇಬಿಟ್ಟಳು. ಸಂಜೆ ಬಂದು ಬಾಗಿಲು ತೆಗೆದು, "ಅಯ್ಯೋ, ನೀವಿನ್ನೂ ಇಲ್ಲೇ ಇದ್ದೀರಾ? ಮನೆ ಖಾಲಿ ಮಾಡೋದು ಎಷ್ಟು ಕಷ್ಟ ಗೊತ್ತಾಯ್ತಾ?" ಎಂದಳು. ಈ ಕಥೆಯನ್ನು ಅಕ್ಕ ಸುಮ್ಮಸುಮ್ಮನೆ ಖರ್ಚು ಮಾಡುವುದಿಲ್ಲ. ಚರ್ಮಕ್ಕೆ ತಾಗಿರುವ ಕೊನೆಯ ಪದರ ಬಿಡಿಸುವಾಗ ಹೇಳಲೆಂದು ಇಟ್ಟುಕೊಂಡಿರುತ್ತಾಳೆ.

ಹೀಗಿರುವಾಗ ಆಸ್ಪತ್ರೆ ಕೈ ಬದಲಾಯಿಸಿತು. ಹೊಸ ಆಡಳಿತದವರಿಗೆ ಹೊರದೇಶದ ರೋಗಿಗಳು ಬೇಕು. ಅದಕ್ಕೇ ರೋಗಿಯ ಹತ್ತಿರ ನಿಲ್ಲುವ ನರ್ಸುಗಳೆಲ್ಲ ಇಂಗ್ಲಿಷಿನಲ್ಲಿ ಮಾತಾಡುವ ಪರೀಕ್ಷೆ ಪಾಸಾಗಬೇಕು, ಆಗದವರು ನೆಲಮಾಳಿಗೆಯ ಬಟ್ಟೆ ಕೋಣೆಗೆ ಹೋಗಿ ಹೊದಿಕೆ ಮಡಚಬೇಕು ಎಂದು ಅಪ್ಪಣೆಯಾಯಿತು. ಇದನ್ನು ಯೋಚಿಸಿದ ಮಹಾನುಭಾವ ಒಂದು ಪಟ್ಟಿಯನ್ನಾದರೂ ಬಿಚ್ಚಿದ್ದನೋ ಇಲ್ಲವೋ ದೇವರೇ ಬಲ್ಲ.

"ಹೊದಿಕೆ ಜೊತೆ ನಾನೇನು ಮಾತಾಡ್ಲಿ ಹೇಳೇ?" ಎಂದಳು ಅಕ್ಕ. ನಗುತ್ತಲೇ ಅಂದಳು, ಆದರೆ ಮುಖ ಸಪ್ಪಗಾಗಿತ್ತು. ನಾನು ಹೊಲಿಗೆ ಯಂತ್ರದ ಮುಂದೆ ಕೂತಿದ್ದೆ. ಅಕ್ಕನಿಗೆ ಆ ವಾರ್ಡು ತಪ್ಪಿಸಿದರೆ ಅವಳು ಉಳಿಯುವುದಿಲ್ಲ ಎಂದು ನನಗೆ ಆವತ್ತೇ ಅನ್ನಿಸಿ ಭಯವಾಯಿತು.

ಸೈಕಲ್ ಅಂಗಡಿಯ ಮೇಲಿನ ಕೋಣೆಯಲ್ಲಿ ನಿವೃತ್ತ ಮೇಷ್ಟ್ರೊಬ್ಬರು ಇಂಗ್ಲಿಷ್ ಹೇಳಿಕೊಡುತ್ತಿದ್ದರು. ನರ್ಸುಗಳೆಲ್ಲ ಅಲ್ಲಿಗೇ ಹೋದರು. ಮೇಷ್ಟ್ರ ಪದ್ಧತಿ ಬಹಳ ಸರಳ. ಕೇಳುವ ಪ್ರಶ್ನೆಗಳು ಗೊತ್ತೇ ಇರುತ್ತವೆ: ನಿಮ್ಮ ಮನೆ, ನಿಮ್ಮ ಕೆಲಸ, ನಿಮ್ಮ ತಾಯಿ, ನಿಮ್ಮ ಹವ್ಯಾಸ. ಒಂದೊಂದಕ್ಕೂ ಮೇಷ್ಟ್ರು ಅಚ್ಚುಕಟ್ಟಾದ ಉತ್ತರ ಕಟ್ಟಿ ಇಟ್ಟಿದ್ದರು. ಎಲ್ಲರೂ ಅದನ್ನು ಉರು ಹೊಡೆಯಬೇಕು. ಒಂದಕ್ಷರ ಆಚೀಚೆ ಆಗಕೂಡದು. ತಾಯಿಯ ಉತ್ತರದಲ್ಲಿದ್ದ ತಾಯಿ ಸದಾ ಹಸನ್ಮುಖಿ, ದಿನಾ ಬೆಳಿಗ್ಗೆ ಪಾರ್ಕಿನಲ್ಲಿ ವಾಕಿಂಗ್ ಹೋಗುತ್ತಾಳೆ, ಯಾರ ಮೇಲೂ ರೇಗುವುದಿಲ್ಲ.

"ಸಾರ್, ನಮ್ಮಮ್ಮ ತೀರಿಕೊಂಡಿದ್ದಾರೆ," ಎಂದಳಂತೆ ಅಕ್ಕ.

"ಪರೀಕ್ಷೆ ಮುಗಿಯೋವರೆಗೆ ಇದ್ದಾರೆ ಅಂತಿಟ್ಕೊಳ್ಳಮ್ಮ," ಎಂದರಂತೆ ಮೇಷ್ಟ್ರು. "ನೀನು ಒಂದು ಮಾತು ಬದಲಾಯಿಸಿದ್ರೆ ಮುಂದಿನದೆಲ್ಲ ಮರೆತುಹೋಗುತ್ತೆ."

ಸರಿ, ಮನೆಯಲ್ಲಿ ಗಿಳಿಪಾಠ ಶುರುವಾಯಿತು. ಸೊಪ್ಪು ಬಿಡಿಸುತ್ತಾ "ಮೈ ಮದರ್ ಈಸ್ ಎ ಚಿಯರ್‌ಫುಲ್ ಲೇಡಿ", ಬಟ್ಟೆ ಒಣಹಾಕುತ್ತಾ "ಶಿ ನೆವರ್ ಗೆಟ್ಸ್ ಆ್ಯಂಗ್ರಿ". ಅಮ್ಮ ಮಲಗುತ್ತಿದ್ದ ಮಂಚ ಅಲ್ಲೇ ಇತ್ತು. ಬದುಕಿದ್ದು ಇದನ್ನೇನಾದರೂ ಕೇಳಿದ್ದರೆ "ಯಾರೇ ಅವಳು, ಕೆಲಸ ಇಲ್ಲದವಳು?" ಎಂದು ಕೈಗೆ ಸಿಕ್ಕಿದ್ದನ್ನು ಎಸೆದಿರುತ್ತಿದ್ದಳು. ನಾವಿಬ್ಬರೂ ನಕ್ಕೆವು. ಆಗಿನ್ನೂ ಅದು ನಗುವ ವಿಷಯವೇ ಆಗಿತ್ತು.

ಪರೀಕ್ಷೆಯ ದಿನ ಅಕ್ಕನ ಸರದಿ ಬರುವಾಗ ಮಧ್ಯಾಹ್ನವಾಗಿತ್ತು. ಪರೀಕ್ಷೆ ಮಾಡುವಾಕೆ ಹೊರಗಿನಿಂದ ಬಂದ ಹೆಂಗಸು, ಒಳ್ಳೆಯ ಮುಖ, ಮೆತ್ತಗಿನ ಮಾತು. ಅಕ್ಕ ಎಲ್ಲೂ ತಡವರಿಸದೆ ತಾಯಿಯ ಉತ್ತರ ಒಪ್ಪಿಸಿದಳು. ಪಾರ್ಕಿನ ಹತ್ತಿರ ಬರುವಷ್ಟರಲ್ಲಿ ಆಕೆ ಪೆನ್ನು ಕೆಳಗಿಟ್ಟು ನಗಲು ಶುರು ಮಾಡಿದರಂತೆ. ಬೆಳಗಿನಿಂದ ಬಂದ ಅಷ್ಟೂ ನರ್ಸುಗಳ ತಾಯಿ ಅದೇ ಪಾರ್ಕಿನಲ್ಲಿ ನಡೆದಾಡಿದ್ದಳಲ್ಲ! "ನೀವೆಲ್ಲ ಅಕ್ಕತಂಗಿಯರಾ?" ಎಂದು ಇಂಗ್ಲಿಷಿನಲ್ಲಿ ಕೇಳಿದರು. ಅಕ್ಕನಿಗೆ ಅರ್ಥವಾಯಿತು. ಅರ್ಥವಾಗದೇ ಇದ್ದಿದ್ದರೆ ಎಷ್ಟೋ ವಾಸಿಯಿತ್ತು. ಮೇಷ್ಟ್ರ ಹತ್ತಿರ ಕಲಿತ ಎಲ್ಲರೂ ಒಟ್ಟಿಗೆ ಫೇಲಾದರು. ಇನ್ನೊಂದು ಸಲ, ಒಂದೇ ಒಂದು ಸಲ ಅವಕಾಶ ಎಂದಾಯಿತು.

ಮನೆಗೆ ಬಂದವಳು ಚಪ್ಪಲಿ ಕೂಡ ಬಿಡದೆ ಕೂತಳು. "ಅವರು ನಕ್ಕಿದ್ದಕ್ಕಲ್ಲ ಕಣೇ. ನಮ್ಮಮ್ಮ ಹಾಗಿರಲಿಲ್ಲ ಅಂತ ಹೇಳಬೇಕು ಅನ್ನಿಸ್ತು. ಇಡೀ ದಿನ ಅವಳ ಬಗ್ಗೆ ಮಾತಾಡೋ ನಾನು, ಅಲ್ಲಿ ಬಾಯಿ ತೆರೆದು ಕೂತಿದ್ದೆ, ಒಂದು ಮಾತೂ ಬರಲಿಲ್ಲ."

ಮರುದಿನ ಸಂಜೆ ಅವಳ ಜೊತೆ ನಾನೂ ಮೇಷ್ಟ್ರ ಕೋಣೆಗೆ ಹೋದೆ. ನಾಲ್ಕು ಮಾತು ಬಿಗಿಯಬೇಕೆಂದೇ ಹೋಗಿದ್ದೆ. ಆದರೆ ಆ ಮನುಷ್ಯ ಮೊದಲೇ ಇಳಿದುಹೋಗಿದ್ದರು. ರಾತ್ರಿಯೆಲ್ಲ ಕೂತು ಒಬ್ಬೊಬ್ಬರಿಗೂ ಬೇರೆ ಬೇರೆ ತಾಯಿಯನ್ನು ಮಾಡಿಟ್ಟಿದ್ದರು, ಪಾಪ. ಒಬ್ಬಳಿಗೆ ಹಾಡುವ ತಾಯಿ, ಒಬ್ಬಳಿಗೆ ಓದುವ ತಾಯಿ. ಅಕ್ಕನ ಪಾಲಿಗೆ ಗುಲಾಬಿ ಬೆಳೆಸುವ ತಾಯಿ ಬಂದಿದ್ದಳು.

"ಸಾರ್, ನಮ್ಮಮ್ಮನ್ನೇ ಇಂಗ್ಲಿಷಿಗೆ ಹಾಕ್ಕೊಡಿ," ಎಂದಳು ಅಕ್ಕ. "ಹೇಗಿದ್ದಳೋ ಹಾಗೆ. ಎಷ್ಟು ಉದ್ದ ಇದ್ರೂ ಪರವಾಗಿಲ್ಲ, ಉರು ಹೊಡೀತೀನಿ. ಒಂದು ಸಲ ಬಾಯಿಗೆ ಬಂದ್ರೆ ವಾರ್ಡಲ್ಲೂ ಬಳಸ್ಕೋಬಹುದು."

ಹೀಗೆಂದು ಮನೆ ಮಾಲೀಕನ ಕಥೆ ಹೇಳಿದಳು. ಮೇಷ್ಟ್ರು ಹೊಟ್ಟೆ ಹಿಡಿದುಕೊಂಡು ನಕ್ಕರು. ಕನ್ನಡಕ ತೆಗೆದು ಕಣ್ಣೊರೆಸಿಕೊಂಡು, ಪೆನ್ನು ತೆಗೆದುಕೊಂಡು ಬರೆಯತೊಡಗಿದರು. ಬರೆದರು, ಹೊಡೆದುಹಾಕಿದರು, ಮತ್ತೆ ಬರೆದರು. ಕೆಳಗಿನ ಅಂಗಡಿಯಲ್ಲಿ ಯಾರೋ ಚಕ್ರದ ಕಡ್ಡಿ ಬಡಿಯುತ್ತಿದ್ದರು. ಕೊನೆಗೆ ಬರೆದ ಇಂಗ್ಲಿಷನ್ನು ತಾವೇ ಗಟ್ಟಿಯಾಗಿ ಓದಿ ಅರ್ಥ ಹೇಳಿದರು. ಮಾಲೀಕ ಬಂದನು. ತಾಯಿ ಬಾಗಿಲು ಮುಚ್ಚಿದಳು. ಸಂಜೆ ತಾಯಿ ಬಾಗಿಲು ತೆರೆದಳು. ನಮ್ಮ ಮೂವರಲ್ಲಿ ಯಾರಿಗೂ ನಗು ಬರಲಿಲ್ಲ.

"ನೀನು ಹೇಳುವಾಗ ಇದ್ದಿದ್ದು ಇದರಲ್ಲಿ ಬರ್ತಿಲ್ಲಮ್ಮ," ಎಂದರು ಮೇಷ್ಟ್ರು. ಹಾಳೆಯನ್ನು ಪಕ್ಕಕ್ಕೆ ಸರಿಸಿ, "ಇಷ್ಟು ವರ್ಷ ಹೇಳಿಕೊಟ್ಟೆ. ನಾನೂ ಬಾಯಿಪಾಠ ಮಾಡಿಯೇ ಕಲಿತವನು. ಇದೆಲ್ಲ ನನಗೂ ಬರಲ್ಲ," ಎಂದರು. ಇಂಥವರ ಮೇಲೆ ಹೇಗೆ ರೇಗುವುದು? ಅಕ್ಕ ಗುಲಾಬಿಯ ಹಾಳೆಯನ್ನು ಮಡಚಿ ಚೀಲಕ್ಕೆ ಹಾಕಿಕೊಂಡಳು.

ಎರಡನೇ ಸಲ ಪಾಸಾದಳು. ಪರೀಕ್ಷೆ ಮಾಡುವ ಆ ಹೆಂಗಸಿಗೂ ಗಿಡಗಳೆಂದರೆ ಪ್ರಾಣವಂತೆ. ನಿಮ್ಮ ತಾಯಿಗೆ ನನ್ನ ನಮಸ್ಕಾರ ತಿಳಿಸಿ ಎಂದು ಕೈಕುಲುಕಿದರಂತೆ. ಅದಕ್ಕೆ ಮೇಷ್ಟ್ರು ಹೇಳಿಕೊಟ್ಟಿದ್ದ "ಥ್ಯಾಂಕ್ ಯೂ, ಐ ವಿಲ್ ಟೆಲ್ ಹರ್" ಎನ್ನುವುದನ್ನು ಅಕ್ಕ ಸರಿಯಾಗಿಯೇ ಹೇಳಿದಳು. ಆ ದಿನ ನಾನು ಸಿಹಿ ತಂದಿದ್ದೆ. ಬಟ್ಟೆ ಕೋಣೆಯ ಪೀಡೆ ತೊಲಗಿತು ಎಂದುಕೊಂಡೆ. ಅವಳೂ ತಿಂದಳು, ಆದರೆ ಒಂದೇ ತುಂಡು.

ಅದಾಗಿ ಕೆಲವು ವಾರಗಳಲ್ಲಿ ಮೊದಲ ಹೊರದೇಶದ ರೋಗಿ ವಾರ್ಡಿಗೆ ಬಂದಳು. ನನ್ನ ವಯಸ್ಸಿನ ಹೆಂಗಸು, ಹೋಟೆಲ್ ಕೋಣೆಯ ಕುದಿನೀರು ಚೆಲ್ಲಿ ಎರಡೂ ತೋಳು ಬೆಂದಿದ್ದವು. ಅಂಥವರ ಮುಂದೆ ನಮ್ಮ ಭಾಷೆಯಲ್ಲಿ ಮಾತಾಡಕೂಡದು ಎಂದು ನಿಯಮ. ಅದನ್ನು ಕಾಯಲು ಮೇಲ್ವಿಚಾರಕಿ ಬಾಗಿಲ ಬಳಿಯೇ ನಿಂತಿದ್ದಳು. ಆವತ್ತು ಅಕ್ಕ ಮನೆಗೆ ಬಂದು ಕೈತೊಳೆದು ಊಟಕ್ಕೆ ಕೂತು, ಮೊದಲ ತುತ್ತು ಕೈಯಲ್ಲೇ ಹಿಡಿದುಕೊಂಡು ಅದನ್ನೆಲ್ಲ ಹೇಳಿದಳು.

"ಬಟ್ಟೆ ಮೂಲೆ ಎತ್ತಿದೆ. ಅವರು ನನ್ನ ಮುಖವನ್ನೇ ನೋಡ್ತಿದ್ರು, ಈಗ ಏನಾದ್ರೂ ಹೇಳ್ತಾಳೆ ಅನ್ನೋ ಹಾಗೆ. ನಾಲಿಗೆ ತುದೀಲಿ ಅಮ್ಮ ಬಂದು ನಿಂತಿದ್ಲು ಕಣೇ. ನುಂಗ್ಕೊಂಡೆ."

"ಮತ್ತೇನು ಹೇಳಿದೆ?"

"ನನಗೆ ಬರೋದನ್ನೇ. ನಮ್ಮಮ್ಮ ಗುಲಾಬಿ ಬೆಳೆಸ್ತಾಳೆ ಅಂದೆ. ಕೆಂಪು, ಬಿಳಿ, ಹಳದಿ. ಅವರು ಕಿರುಚಿದ್ರು. ಮತ್ತೆ ಅದನ್ನೇ ಅಂದೆ. ಅವರು ಇನ್ನೂ ಜೋರಾಗಿ ಕಿರುಚಿದ್ರು, ಸಾಕು ಅಂತ ಕೇಳ್ಕೊಂಡ್ರು. ಆಮೇಲೆ ನಾನು ಬಾಯಿ ಮುಚ್ಕೊಂಡು ಬಿಡಿಸಿದೆ. ನನ್ನ ಕೈಗೆ ಹೆದರಿದ್ದನ್ನ ನಾನು ಇಷ್ಟು ವರ್ಷದಲ್ಲಿ ಯಾರ ಮುಖದಲ್ಲೂ ನೋಡಿರಲಿಲ್ಲ."

ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ವಾಪಸ್ ಇಟ್ಟಳು.

"ಇವತ್ತು ಬಲತೋಳು ಮಾತ್ರ ಆಗಿದ್ದು," ಎಂದಳು. "ಎಡತೋಳು ನಾಳೆ ಬೆಳಿಗ್ಗೆ."