ಇಂಚಣ್ಣನ ಮಗಳು ನೋಡುತ್ತಿದ್ದ ಕಡೆ

ನಮ್ಮ ಬೀದಿಯ ದರ್ಜಿಗೆ ಹೆತ್ತವರು ಇಟ್ಟ ಹೆಸರೊಂದು ಇರಲೇಬೇಕು. ಆದರೆ ಅದನ್ನು ಕೂಗಿದರೆ ಅವನೇ ತಿರುಗಿ ನೋಡುತ್ತಾನೋ ಇಲ್ಲವೋ ಅನುಮಾನ. ಎಲ್ಲರಿಗೂ ಅವನು ಇಂಚಣ್ಣ. ಒಂದು ತೋಳು ಇನ್ನೊಂದಕ್ಕಿಂತ ಕಾಲಿಂಚು ಉದ್ದವಾದರೆ ಅವತ್ತು ಅವನಿಗೆ ಊಟ ಸೇರುವುದಿಲ್ಲ. ಯಾರ ಮನೆಗೆ ಹೋದರೂ ಮೊದಲು ಗೋಡೆಯ ಕ್ಯಾಲೆಂಡರನ್ನು ನೆಟ್ಟಗೆ ಮಾಡಿ ಆಮೇಲೆ ಕೂರುತ್ತಾನೆ. ನಮ್ಮ ಮನೆಯಲ್ಲೂ ಮಾಡಿದ್ದಾನೆ, ನನಗೆ ಮೈ ಉರಿದಿದೆ. ಹೊಲಿದ ಅಂಗಿಯನ್ನು ಬೆನ್ನಿನ ನಡುವಿಗೆ ಸರಿಯಾಗಿ ಮಡಿಚಿ, ಎಡವೂ ಬಲವೂ ಕೂಡಿದರೆ ಮಾತ್ರ ಗಿರಾಕಿಯ ಕೈಗೆ ಕೊಡುತ್ತಾನೆ. ಇಂಥವನಿಗೆ ಮಗಳು ಹುಟ್ಟಿದಳು. ಮಗುವನ್ನು ಮಡಿಚಿ ನೋಡಲಾಗುವುದಿಲ್ಲವಲ್ಲ, ಅಲ್ಲಿಂದ ಶುರುವಾಯಿತು ಅವನ ಪಾಡು.

ಅಂಗಡಿಯೂ ಮನೆಯೂ ಒಂದೇ. ಮುಂದಿನ ಕೋಣೆಯಲ್ಲಿ ಕಿಟಕಿಯ ಬೆಳಕಿಗೆ ಹೊಲಿಗೆ ಮಿಷನ್ನು, ಎದುರು ಮೂಲೆಯಲ್ಲಿ ಪರದೆ ಕಟ್ಟಿದ ಪುಟ್ಟ ಜಾಗ, ಒಳಗೆ ಆಳೆತ್ತರದ ಕನ್ನಡಿ. ನಡುವೆ ಚಕ್ರವಿರುವ ತೊಟ್ಟಿಲು. ಬಾಗಿಲ ಹತ್ತಿರ ಹೆಂಡತಿ ಕೂತು ಕಾಜಾ ಹೊಲಿಯುತ್ತಾಳೆ, ಗುಂಡಿ ಹಚ್ಚುತ್ತಾಳೆ. ಒಳಕೋಣೆಯಲ್ಲಿ ಅವನ ತಾಯಿ, ತಾಯಿಯ ಎದುರು ಸದಾ ಮಾತಾಡುವ ಟಿವಿ.

ಬಟ್ಟೆಗೆ ಕತ್ತರಿ ಹಾಕುವ ಮೊದಲು ಹಳೆಯ ಪತ್ರಿಕೆಯಲ್ಲಿ ನಮೂನೆ ಕತ್ತರಿಸಿಕೊಳ್ಳುವುದು ದರ್ಜಿಗಳ ರೂಢಿ. ಮಗುವಿಗೆ ನಾಲ್ಕು ತಿಂಗಳಾಗಿದ್ದಾಗ ಒಂದು ದಿನ ಇಂಚಣ್ಣ ಯಾರದೋ ಕೋಟಿನ ತೋಳಿಗೆಂದು ಪತ್ರಿಕೆ ಹಾಸಿ, ಸೀಮೆಸುಣ್ಣದ ಗೆರೆ ಎಳೆಯುತ್ತ ಬಂದವನು ಒಂದು ಚಿತ್ರದ ಮೇಲೆ ನಿಂತುಬಿಟ್ಟ. ನೀಲಿ ಹೆಲ್ಮೆಟ್ ಹಾಕಿಕೊಂಡು ನಗುವ ಕೂಸು. ಪಕ್ಕದಲ್ಲಿ ಮೇಲಿನಿಂದ ತೆಗೆದ ಎರಡು ತಲೆಗಳ ಚಿತ್ರ, ಒಂದು ಚಿಕಿತ್ಸೆಗೆ ಮೊದಲು, ಇನ್ನೊಂದು ಆಮೇಲೆ. ‘ನಿಮ್ಮ ಮಗುವಿನ ತಲೆ ಚಪ್ಪಟೆಯೇ? ತಡಮಾಡಿದರೆ ಕೈ ಮೀರೀತು!’ ಎಂದು ದಪ್ಪ ಅಕ್ಷರ. ಬುರುಡೆ ಗಟ್ಟಿಯಾಗುವುದರೊಳಗೆ ತಲೆಯನ್ನು ದುಂಡಗೆ ತಿದ್ದುವ ಈ ಹೆಲ್ಮೆಟ್ ಹಾಕಿಸದಿದ್ದರೆ ತಲೆ ಜನ್ಮವಿಡೀ ಹಾಗೇ ಉಳಿದೀತು ಎಂದು ಒಳಗೆ ಬರೆದಿತ್ತು.

ಕತ್ತರಿ ಕೆಳಗಿಟ್ಟು ಎದ್ದುಹೋಗಿ ತೊಟ್ಟಿಲಿಗೆ ಬಗ್ಗಿ ನೋಡಿದ. ಎತ್ತಿಕೊಂಡು ಮೇಲಿನಿಂದ ನೋಡಿದ. ಹಿಂದೆ, ಬಲಗಡೆ, ತಲೆ ಚಪ್ಪಟೆಯಾಗಿತ್ತು. ಇಷ್ಟು ದಿನ ಮುದ್ದು ಮಾಡಿದ ಅದೇ ತಲೆ. ಊರವರ ಕ್ಯಾಲೆಂಡರು ಕಂಡ ಕಣ್ಣಿಗೆ ಇದು ಕಂಡಿರಲಿಲ್ಲ. ಟೇಪು ತಂದು ಅಳೆದ. ಸುತ್ತಳತೆ ಬಂತು. ಸುತ್ತಳತೆಯಿಂದ ಏನು ತಿಳಿಯುತ್ತದೆ? ದುಂಡಗಿನ ಡಬ್ಬಿಗೂ ಅಷ್ಟೇ ಬಂದೀತು, ಚೌಕದ ಡಬ್ಬಿಗೂ ಅಷ್ಟೇ ಬಂದೀತು. ಅಡ್ಡಡ್ಡ ಹಿಡಿಯಲು ಹೋದರೆ ಮಗು ಟೇಪನ್ನು ಬಾಯಿಗೆ ಹಾಕಿಕೊಂಡಿತು.

“ಹೆಲ್ಮೆಟ್ ಹಾಕಿಸಲೇಬೇಕು” ಅಂದ ಹೆಂಡತಿಗೆ.

“ತಲೆ ಕೆಟ್ಟಿದೆಯಾ ನಿಮಗೆ? ಇಷ್ಟುದ್ದದ ಮಗೂಗೆ ಹೆಲ್ಮೆಟ್ಟಾ?” ಅವಳು ಗುಂಡಿಯ ದಾರವನ್ನು ಹಲ್ಲಲ್ಲಿ ಕಡಿದಳು. “ನಿನ್ನೆ ತಾನೇ ಟಿವಿಯಲ್ಲಿ ಒಬ್ರು ಹೇಳ್ತಿದ್ರು, ಬಹಳಷ್ಟು ಮಕ್ಕಳಿಗೆ ತಾನಾಗೇ ಸರಿಹೋಗುತ್ತಂತೆ. ಹೆಲ್ಮೆಟ್ಟೆಲ್ಲ ಹೆದರಿಸೋ ವ್ಯಾಪಾರ ಅಂತೆ.”

ಒಳಗಿನಿಂದ ತಾಯಿ ದನಿ ಕೊಟ್ಟರು. “ನಿಂದೂ ಹೀಗೇ ಇತ್ತು ಕಣೋ. ಕೂದಲು ಬಂದ ಮೇಲೆ ಯಾರು ನೋಡ್ತಾರೆ?”

ಇಂಚಣ್ಣನ ಕೂದಲು ಬಂದದ್ದೂ ಆಗಿತ್ತು, ಹೋದದ್ದೂ ಆಗಿತ್ತು. ಅವನು ಸೀದಾ ಪರದೆಯೊಳಗೆ ನುಗ್ಗಿ, ದೊಡ್ಡ ಕನ್ನಡಿಗೆ ಬೆನ್ನು ಮಾಡಿ, ಕೈಗನ್ನಡಿ ಹಿಡಿದು ತನ್ನ ಬೋಳು ಹಿಂದಲೆಯನ್ನು ನೋಡಿಕೊಂಡ. ಹೆಂಡತಿಯನ್ನೂ ಕರೆದು ತೋರಿಸಿದ.

“ಚಪ್ಪಟೆ ಇದೆಯಾ?”

“ಇದೆ ಅಂದ್ರೆ ಇದೆ, ಇಲ್ಲ ಅಂದ್ರೆ ಇಲ್ಲ. ನಾನು ಮದುವೆಯಾಗೋವಾಗ ಹಿಂದಿನಿಂದ ನೋಡಿರಲಿಲ್ಲ.”

ಆಮೇಲಿನ ದಿನಗಳಲ್ಲಿ ಆ ಮನೆಯಲ್ಲಿ ನಡೆದದ್ದನ್ನು ಹೇಳಿದರೆ ನೀವು ನಗುತ್ತೀರಿ. ಅವರಿಗೆ ನಗು ಬರಲಿಲ್ಲ. ಇಂಚಣ್ಣ ಇನ್ನೊಂದು ಪತ್ರಿಕೆಯಲ್ಲಿ ಹೆಲ್ಮೆಟ್ಟಿನಿಂದ ಅಷ್ಟೇನೂ ಪ್ರಯೋಜನವಿಲ್ಲ ಎಂಬ ಲೇಖನ ಓದಿ ತಣ್ಣಗಾದ. ಅದೇ ಹೊತ್ತಿಗೆ ಟಿವಿಯಲ್ಲಿ ಒಬ್ಬ ತಾಯಿ, ‘ಬೇಗ ಹೋಗಿದ್ದರೆ ಸರಿಯಾಗುತ್ತಿತ್ತು’ ಎಂದು ಗಳಗಳನೆ ಅತ್ತಿದ್ದನ್ನು ಕಂಡು ಹೆಂಡತಿ ಹೆಲ್ಮೆಟ್ಟಿನ ಕಡೆಗೆ ಬಂದಳು. ಗಂಡ ಬೇಡವೆಂದ ದಿನ ಹೆಂಡತಿ ಬೇಕೆಂದಳು, ಅವಳು ಬೇಡವೆಂದ ದಿನ ಇವನು ಬೇಕೆಂದ. ಜಗಳ ಮಾತ್ರ ಒಂದು ದಿನವೂ ತಪ್ಪಲಿಲ್ಲ. ದೊಡ್ಡಾಸ್ಪತ್ರೆಗೆ ಹೆಲ್ಮೆಟ್ಟಿನ ಅಳತೆ ತೆಗೆಯುವವರು ಮುಂದಿನ ತಿಂಗಳು ಬರುತ್ತಾರೆಂದು ಸುದ್ದಿಯಿತ್ತು. ಅಷ್ಟರೊಳಗೆ ಹೂಂ ಅನ್ನಬೇಕು, ಇಲ್ಲ ಉಹೂಂ ಅನ್ನಬೇಕು. ಯಾವುದು ಅಂದರೂ ಮಗಳು ದೊಡ್ಡವಳಾಗಿ ‘ಯಾಕೆ ಹಾಗೆ ಮಾಡಿದಿರಿ’ ಎಂದು ಕೇಳಿದರೆ ಏನು ಹೇಳುವುದು? ಈ ಒಂದು ಪ್ರಶ್ನೆ ಇಬ್ಬರನ್ನೂ ಒಳಗೊಳಗೇ ತಿನ್ನುತ್ತಿತ್ತು.

ಕೊನೆಗೆ ಬೀದಿಯ ಕೊನೆಯ ಡಾಕ್ಟರಮ್ಮನ ಹತ್ತಿರ ಹೋದರು. ಆಕೆ ಮಗುವಿನ ಕತ್ತು ಹೊರಳಿಸಿ, ತಲೆ ಸವರಿ, ನೆತ್ತಿ ಮುಟ್ಟಿ ನೋಡಿದರು.

“ಕತ್ತು ಚೆನ್ನಾಗಿ ಆಡ್ತಿದೆ, ಹೆದರೋದೇನಿಲ್ಲ. ಮಗು ಯಾವಾಗಲೂ ಒಂದೇ ಕಡೆ ನೋಡ್ಕೊಂಡು ಮಲಗುತ್ತೆ, ಅದಕ್ಕೇ ಹೀಗೆ. ಅಂಗಾತವೇ ಮಲಗಿಸಿ, ಆದರೆ ದಿನಕ್ಕೊಂದು ಸಲ ತೊಟ್ಟಿಲನ್ನ ತಲೆ ಇದ್ದ ಕಡೆ ಕಾಲು ಬರೋ ಹಾಗೆ ತಿರುಗಿಸಿಡಿ, ಇನ್ನೊಂದು ಕಡೆಗೂ ನೋಡಲಿ. ಎಚ್ಚರ ಇದ್ದಾಗ ನೀವು ಎದುರಿಗೇ ಕೂತು ಬೋರಲು ಹಾಕಿ ಆಡಿಸಿ. ಒಂದು ತಿಂಗಳು ಬಿಟ್ಟು ಬನ್ನಿ.”

“ಹೆಲ್ಮೆಟ್ಟು?” ಅಂದರು ಇಬ್ಬರೂ.

“ಅದು ಆಮೇಲಿನ ಮಾತು.”

ದಾರಿಯುದ್ದಕ್ಕೂ ಇಂಚಣ್ಣ ಗೊಣಗಿದ. “ಪತ್ರಿಕೆಯೋರು ಪುಟಗಟ್ಟಲೆ ಬರೆದಿದ್ದಾರೆ, ಈಕೆ ತೊಟ್ಟಿಲು ತಿರುಗಿಸಿ ಅಂತಾರಲ್ಲ!” ಹೆಂಡತಿಯೂ ಮೂಗು ಮುರಿದಳು. “ತೊಟ್ಟಿಲು ತಿರುಗಿಸೋಕೆ ಡಾಕ್ಟರು ಬೇಕಾ?” ಅಪರೂಪಕ್ಕೆ ಇಬ್ಬರ ಮಾತೂ ಕೂಡಿತು. ಆ ಖುಷಿಯಲ್ಲಿ ಮನೆ ತಲುಪಿದರು. ಆಮೇಲೆ ಆ ವಿಷಯ ಯಾರೂ ಎತ್ತಲಿಲ್ಲ.

ಅಷ್ಟು ಹಗುರ ಮಾಡಿದ ಮೇಲೆ ಅದನ್ನೇ ಮಾಡುವುದೆಂದರೆ ಮುಖ ಎಲ್ಲಿಡುವುದು? ಆದರೆ ಹೆತ್ತ ಕರುಳು ಸುಮ್ಮನಿರುತ್ತದೆಯೇ? ಹೆಂಡತಿ ಬೆಳಿಗ್ಗೆ ಗಂಡ ಏಳುವ ಮೊದಲೇ ಸದ್ದಾಗದಂತೆ ತೊಟ್ಟಿಲನ್ನು ತಿರುಗಿಸಿಟ್ಟು ಅಡುಗೆಮನೆಗೆ ಹೋಗುತ್ತಿದ್ದಳು. ಗಂಡ ಎದ್ದು ಮುಖ ತೊಳೆದು ಬಂದು, ಅವಳು ಒಳಗಿರುವುದನ್ನು ಖಾತ್ರಿ ಮಾಡಿಕೊಂಡು, ಸದ್ದಾಗದಂತೆ ತೊಟ್ಟಿಲನ್ನು ತಿರುಗಿಸಿ ಮಿಷನ್ನಿಗೆ ಕೂರುತ್ತಿದ್ದ. ತೊಟ್ಟಿಲಿನ ಎರಡು ತುದಿಯೂ ಒಂದೇ ಥರ, ಮೇಲೆ ಸೊಳ್ಳೆಪರದೆ ಬೇರೆ. ತಿರುಗಿಸಿದ್ದೇನೆ ಎಂಬ ನಂಬಿಕೆ ಇದ್ದವನು ಯಾಕೆ ಬಗ್ಗಿ ನೋಡುತ್ತಾನೆ? ಹೀಗೆ ಒಂದು ತಿಂಗಳು ಇಬ್ಬರೂ ಒಬ್ಬರಿಗೊಬ್ಬರು ತಿಳಿಯದಂತೆ ಕಷ್ಟಪಟ್ಟರು. ಮಗು ಮಾತ್ರ ಇದ್ದಲ್ಲೇ ಇತ್ತು.

ತಿಂಗಳ ಮೇಲೆ ಡಾಕ್ಟರಮ್ಮ ತಲೆ ನೋಡಿ ಹುಬ್ಬು ಗಂಟಿಕ್ಕಿದರು. “ಏನೂ ಬದಲಾಗಿಲ್ಲವಲ್ಲ. ತಿರುಗಿಸ್ತಿದ್ದೀರಾ?”

“ದಿನಾ ನಾನೇ ತಿರುಗಿಸ್ತೀನಿ” ಅಂದ ಇಂಚಣ್ಣ.

“ನಾನೇ ದಿನಾ ತಿರುಗಿಸ್ತೀನಿ” ಅಂದಳು ಹೆಂಡತಿ, ಅದೇ ಉಸಿರಿಗೆ.

ಗಂಡ ಹೆಂಡತಿಯ ಮುಖ ನೋಡಿದ. ಹೆಂಡತಿ ಗಂಡನ ಮುಖ ನೋಡಿದಳು. ಡಾಕ್ಟರಮ್ಮ ಕನ್ನಡಕ ತೆಗೆದು ಕಣ್ಣು ಒರೆಸಿಕೊಳ್ಳುತ್ತ ನಕ್ಕರು, ನಕ್ಕು ಸಾಕಾದ ಮೇಲೆ ಕೇಳಿದರು. “ಇರಲಿ. ಆ ಕಡೆ ಏನಿದೆ, ಮಗು ಅಷ್ಟೊಂದು ನೋಡೋದಕ್ಕೆ? ಕಿಟಕಿನಾ?”

“ಕಿಟಕಿ ಇದೆ” ಅಂದಳು ಹೆಂಡತಿ. ಆಮೇಲೆ ದನಿ ತಗ್ಗಿಸಿದಳು. “ಕಿಟಕಿ ಹತ್ತಿರ ಇವರ ಮಿಷನ್ನಿದೆ. ಇವರು ತುಳಿಯೋಕೆ ಶುರು ಮಾಡಿದ್ರೆ ಸಾಕು, ಆ ಕಡೆಗೇ ತಿರುಗ್ತಾಳೆ. ನಿಲ್ಲಿಸೋ ತನಕ ಇವರನ್ನೇ ನೋಡ್ತಿರ್ತಾಳೆ.”

ಹುಟ್ಟಿದಾಗಿನಿಂದ ಅವಳು ಇಂಚಣ್ಣನನ್ನೇ ನೋಡುತ್ತಿದ್ದಳು. ಅವನು ಕತ್ತು ಬಗ್ಗಿಸಿ ಊರವರ ತೋಳು ಹೊಲಿಯುತ್ತಿದ್ದ. ಇದಕ್ಕೆ ಸಂತೋಷಪಡಬೇಕೋ ಅಳಬೇಕೋ ಅವನಿಗೆ ಗೊತ್ತಾಗಲಿಲ್ಲ, ಡಾಕ್ಟರಮ್ಮನ ಎದುರಿಗೇ ಎರಡೂ ಒಟ್ಟಿಗೆ ಬಂದವು. “ಹಾಗಾದ್ರೆ ನಾನೇ ಚಪ್ಪಟೆ ಮಾಡಿದ್ದಾ?” ಅಂದ.

“ಯಾರೂ ಮಾಡಿದ್ದಲ್ಲ. ಈಗ ಒಬ್ಬರೇ ತಿರುಗಿಸಿ” ಅಂದರು ಆಕೆ.

ಹೆಲ್ಮೆಟ್ಟಿನವರು ಬಂದರು, ಅಳತೆ ತೆಗೆದುಕೊಂಡು ಹೋದರು. ಇವರು ಹೋಗಲಿಲ್ಲ. ಹೋಗದಿದ್ದದ್ದು ಸರಿಯೋ ತಪ್ಪೋ ಇಂಚಣ್ಣನಿಗೆ ಇವತ್ತಿಗೂ ಗೊತ್ತಿಲ್ಲ. ಅಂಗಿಗೆ ಬಂದ ನನ್ನನ್ನೂ ಕೇಳಿದ. ನನಗೇನು ಗೊತ್ತು?

ತೊಟ್ಟಿಲಿನ ಮೇಲೆ ಅವನಿಗೆ ನಂಬಿಕೆ ಹೋಗಿತ್ತು. ಹಾಗಾಗಿ ತೊಟ್ಟಿಲನ್ನು ಇದ್ದಲ್ಲೇ ಬಿಟ್ಟು ಮಿಷನ್ನನ್ನೇ ಎಳೆದು ಎದುರು ಮೂಲೆಗೆ, ಪರದೆಯ ಪಕ್ಕಕ್ಕೆ ಇಟ್ಟ. ಅಲ್ಲಿ ಕತ್ತಲು. ಹೊಲಿಗೆ ಕಾಣುವುದಿಲ್ಲ. ಮೊದಲ ದಿನವೇ ಒಂದು ಕಾಲರು ಸೊಟ್ಟಗಾಯಿತು, ಬಿಚ್ಚಿದ. ಮಗು ಕಿಟಕಿಯ ಕಡೆಗೇ ಮುಖ ಮಾಡಿ, ಮಿಷನ್ನಿದ್ದ ಖಾಲಿ ಜಾಗವನ್ನು ನೋಡುತ್ತ ಮಲಗಿತ್ತು. ಹೆಂಡತಿ ಕಾಜಾ ಬಿಟ್ಟು ನೋಡುತ್ತ ಕೂತಳು. ಇವನು ತುಳಿದ, ನಿಲ್ಲಿಸಿದ, ಮತ್ತೆ ತುಳಿದ. ಕೊನೆಗೆ ಮಗು ಕಣ್ಣು ಪಿಳುಕಿಸಿ, ನಿಧಾನವಾಗಿ ಕತ್ತು ಎಡಕ್ಕೆ ಹೊರಳಿಸಿ, ಇವನನ್ನು ಹುಡುಕಿ ಹಿಡಿಯಿತು. ಇವನೂ ಈ ಸಲ ಅವಳನ್ನೇ ನೋಡುತ್ತಿದ್ದ. ನಿಲ್ಲಿಸಿದರೆ ಎಲ್ಲಿ ತಿರುಗಿಬಿಡುತ್ತಾಳೋ ಎಂದು ತುಳಿಯುತ್ತಲೇ ಇದ್ದ.

“ರೀ, ಸೂಜಿಗೆ ದಾರವೇ ಇಲ್ಲ” ಅಂದಳು ಹೆಂಡತಿ.

“ಗೊತ್ತು, ಸುಮ್ನಿರೇ” ಅಂದ ಇಂಚಣ್ಣ.